ಉಪ್ಪರಿಗೆಯ ಕಂಪ್ಯೂಟರು, ಚಾವಡಿಯ ಸ್ಟೀರಿಯೋ: ನಡುವೆ ಹದಿನೈದು ಮೀಟರ್ ದೂರ

ಕಾಸರಗೋಡು: ಗಡಿನಾಡಿನ ಹಳೆ ಮನೆಗಳಲ್ಲಿ ಎರಡು ಯಂತ್ರಗಳು ಒಂದೇ ಮಾಡಿನಡಿ ಇದ್ದೂ ಮಾತು ಬಿಟ್ಟ ದಾಯಾದಿಗಳಂತೆ ದಿನ ಕಳೆಯುತ್ತಿವೆ. ಒಂದು, ಚಾವಡಿಯ ಕಪಾಟಿನಲ್ಲಿ ಕುಳಿತ ಸ್ಟೀರಿಯೋ. ಇನ್ನೊಂದು, ಉಪ್ಪರಿಗೆಯಲ್ಲಿ ಮಕ್ಕಳು ಓದುವ ಕೋಣೆಯ ಕಂಪ್ಯೂಟರ್. ಸ್ಟೀರಿಯೋಗೆ ಗಟ್ಟಿ ಸ್ವರ ಉಂಟು, ಹೊಸ ಹಾಡಿಲ್ಲ. ಕಂಪ್ಯೂಟರಿನಲ್ಲಿ ಬೇಕಾದಷ್ಟು ಹಾಡು, ತಾಳಮದ್ದಳೆ, ಆಕಾಶವಾಣಿ ಎಲ್ಲ ಉಂಟು, ಆದರೆ ಅದರ ಅಂಗೈಯಗಲದ ಸ್ಪೀಕರಿನಿಂದ ಬರುವುದು ಡಬ್ಬದೊಳಗಿನ ದನಿ.

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಮನೆಗಳ ಸ್ಟೀರಿಯೋಗಳಲ್ಲಿ ಅನೇಕವು ಗಲ್ಫ್‌ನಿಂದ ಬಂದಂಥವು. ಮಗನೋ ಅಳಿಯನೋ ರಜೆಯಲ್ಲಿ ಊರಿಗೆ ಬರುವಾಗ ಹೊತ್ತು ತಂದ ಸೋನಿ, ಅಕಾಯ್, ನ್ಯಾಶನಲ್ ಪೆನಾಸಾನಿಕ್. ಟೇಪಿನ ಬೆಲ್ಟು ಸಡಿಲಾಗಿ ಕ್ಯಾಸೆಟ್ ಓಡುವುದು ನಿಂತಿರಬಹುದು, ಆದರೆ ಆಂಪ್ಲಿಫೈಯರ್ ಮತ್ತು ಮರದ ಪೆಟ್ಟಿಗೆಯ ಸ್ಪೀಕರುಗಳು ಹೆಚ್ಚಿನವು ಇವತ್ತಿಗೂ ಗಟ್ಟಿಮುಟ್ಟು. ಅಂಥದ್ದನ್ನು ಗುಜರಿಗೆ ಹಾಕಿ ಹೊಸ ಪ್ಲಾಸ್ಟಿಕ್ ಪೆಟ್ಟಿಗೆ ತರುವುದಕ್ಕಿಂತ ಉಪ್ಪರಿಗೆಯಿಂದ ಚಾವಡಿಗೆ ಸ್ವರವನ್ನು ಇಳಿಸುವ ದಾರಿ ಹುಡುಕುವುದು ಬುದ್ಧಿವಂತಿಕೆ.

ಇದು ಬರೇ ಶೋಕಿಯ ವಿಷಯವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡದ್ದು 2006ರಲ್ಲಿ. ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಆ ಅರ್ಥಗಾರಿಕೆ, ಆ ಭಾಗವತಿಕೆ ಇಂದಿನ ಮಕ್ಕಳಿಗೆ ಸಿಗುವುದು ಧ್ವನಿಮುದ್ರಣದಲ್ಲಿ ಮಾತ್ರ. ಅದನ್ನು ಕೇಳುವ ಆಸೆ ಹೆಚ್ಚಿರುವುದು ಮನೆಯ ಹಿರಿಯರಿಗೆ, ಅವರಿಗೆ ಉಪ್ಪರಿಗೆ ಮೆಟ್ಟಿಲು ಹತ್ತಲಾಗದು. ಪ್ರಾಯವಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಏರುಸ್ವರವನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲಿಯೇ. ಹಾಗಾಗಿ ‘ಸದ್ದು ಕೇಳ್ತದೆ, ಮಾತು ತಿಳಿಯೂದಿಲ್ಲ’ ಎಂಬ ಅಜ್ಜಂದಿರ ದೂರು ಸುಳ್ಳಲ್ಲ. ಸಣ್ಣ ಸ್ಪೀಕರಿನ ದನಿ ಏರಿಸಿದರೆ ಅದು ಒಡೆಯುತ್ತದೆ, ಅಷ್ಟೆ. ದೊಡ್ಡ ಸ್ಟೀರಿಯೋದಲ್ಲಿ ಟ್ರೆಬಲ್ ಗುಬ್ಬಿಯನ್ನು ಸ್ವಲ್ಪ ತಿರುಗಿಸಿದರೆ ಮಾತು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ತಾಳಮದ್ದಳೆಯಲ್ಲಿ ಮಾತೇ ಪ್ರಧಾನ ಎಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಯಾವ ತೂತಿಗೆ ಯಾವ ಪಿನ್ನು?

ಕಂಪ್ಯೂಟರಿನ ಹಿಂಬದಿಯಲ್ಲಿ ಬಣ್ಣದ ಮೂರು ಸಣ್ಣ ತೂತುಗಳಿರುತ್ತವೆ. ತಿಳಿಹಸಿರು ಬಣ್ಣದ್ದು ಸ್ವರ ಹೊರಗೆ ಬರಲು, ತಿಳಿನೀಲಿ ಒಳಗೆ ಹೋಗಲು, ಗುಲಾಬಿ ಮೈಕಿಗೆ. ಲ್ಯಾಪ್‌ಟಾಪ್ ಆದರೆ ಹೆಡ್‌ಫೋನ್ ಚುಚ್ಚುವ ಜಾಗವೇ ಸಾಕು. ಇದಕ್ಕೆ 3.5 ಮಿ.ಮೀ. ದಪ್ಪದ ಪಿನ್ನು. ಅದರ ತುದಿ ಎಡ ಸ್ಪೀಕರಿನದ್ದು, ನಡುವಿನ ಉಂಗುರ ಬಲದ್ದು, ಬುಡ ಎರಡಕ್ಕೂ ಸಾಮಾನ್ಯ.

ಸ್ಟೀರಿಯೋದ ಬೆನ್ನಿನಲ್ಲಿರುವುದು ಕೆಂಪು ಮತ್ತು ಬಿಳಿ ಸುತ್ತಿನ ಆರ್‌ಸಿಎ ಜಾಕುಗಳು. ಅಮೆರಿಕದ ಆರ್‌ಸಿಎ ಕಂಪೆನಿ 1930ರ ದಶಕದಲ್ಲಿ ತಂದ ಈ ಜಾಕು ಇನ್ನೂ ಬಳಕೆ ತಪ್ಪಿಲ್ಲ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು-ಬಿಳಿ ಜೋಡಿ ಇರುವ ತಂತಿ ಪೇಟೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ.

ಚುಚ್ಚುವುದು ಎಲ್ಲಿಗೆ ಎಂಬುದರಲ್ಲಿ ಮಾತ್ರ ಜಾಗ್ರತೆ ಬೇಕು. ‘ಆಕ್ಸ್’, ‘ಸಿಡಿ’, ‘ಟೇಪ್ ಇನ್’ ಎಂದು ಬರೆದದ್ದು ಯಾವುದಾದರೂ ಆದೀತು. ‘ಫೋನೊ’ ಎಂದು ಬರೆದ ಜಾಗಕ್ಕೆ ಮಾತ್ರ ಬೇಡ. ಅದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟಿನ ಸಂಕೇತಕ್ಕೆ ಮಾಡಿದ್ದು. ಕಂಪ್ಯೂಟರ್ ಕೊಡುವುದು ಅದರ ನೂರಾರು ಪಟ್ಟು. ಕೇಳುವುದು ಒಡೆದ, ಗುಂಗುಡುವ ದನಿ, ಆಮೇಲೆ ಬೈಗುಳ ತಿನ್ನುವುದು ಕಂಪ್ಯೂಟರ್.

ಇನ್ನೊಂದು ತಮಾಷೆ ಉಂಟು. ಪಿನ್ನು ಪೂರ್ತಿ ಕುಳಿತಿಲ್ಲದಿದ್ದರೆ, ಅಥವಾ ಕಡಲ ಕರೆಯ ತೇವಕ್ಕೆ ಅದರ ಬುಡ ಕಿಲುಬು ಹಿಡಿದಿದ್ದರೆ, ಸಾಮಾನ್ಯ ತಂತಿಯ ಸಂಪರ್ಕ ತಪ್ಪುತ್ತದೆ. ಆಗ ಎಡ-ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕೇಳುತ್ತದೆ. ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುವುದರಿಂದ ಅದು ಮಾಯ. ಹಿಮ್ಮೇಳ ಮಾತ್ರ ದೂರದ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಎಷ್ಟೋ ಸ್ಟೀರಿಯೋಗಳು ಹೀಗೆ ಸುಮ್ಮನೆ ರಿಪೇರಿ ಅಂಗಡಿ ಕಾಣುತ್ತವೆ. ಪಿನ್ನನ್ನು ಒರೆಸಿ ಒತ್ತಿ ಕೂರಿಸಿದರೆ ಮುಗಿಯುವ ಕೆಲಸವದು.

ಉದ್ದದ ತಂತಿಗೆ ಹೆದರಬೇಕೇ?

ಉಪ್ಪರಿಗೆಯ ಕೋಣೆಯಿಂದ ಜಗಲಿ ಬಳಸಿ ಚಾವಡಿಗೆ ಇಳಿಯಲು ಹದಿನೈದು ಮೀಟರ್ ತಂತಿ ಬೇಕು ಎಂದಿಟ್ಟುಕೊಳ್ಳೋಣ. ‘ತಂತಿ ಉದ್ದ ಆದ್ರೆ ಸ್ವರ ಸೋರಿ ಹೋಗ್ತದೆ’ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಅರ್ಧ ಸತ್ಯ. ಜಾಲರಿ ಹೊದಿಸಿದ ಸಾಧಾರಣ ತಂತಿಯ ಮೀಟರಿಗೆ 100 ಪಿಕೊಫ್ಯಾರಡ್ ಆಸುಪಾಸಿನ ಧಾರಣೆ ಇರುತ್ತದೆ. ಹದಿನೈದೇಕೆ, ಇಪ್ಪತ್ತು ಮೀಟರಿಗೂ ಅದರಿಂದ ಕಿವಿಗೆ ಗೊತ್ತಾಗುವಷ್ಟು ಏರುಸ್ವರ ನಷ್ಟವಾಗುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಹೆಡ್‌ಫೋನ್ ಜಾಕು ಸಾಕಷ್ಟು ಬಲವಾಗಿಯೇ ಸಂಕೇತವನ್ನು ದೂಡುತ್ತದೆ. ಜಾಲರಿಯೇ ಇಲ್ಲದ ಅಗ್ಗದ ತಂತಿ ತಂದರೆ ಮಾತ್ರ ಕಷ್ಟ.

ನಿಜವಾದ ಶತ್ರು ಗುಂಯ್ ಎನ್ನುವ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ಓಲಾಡುವಂಥದ್ದು. ಅದೇ ಗುಂಯ್‌ಗುಡುವಿಕೆಯಾಗಿ ಸ್ಪೀಕರಿಗೆ ಬರುತ್ತದೆ. ದಾರಿ ಎರಡು. ಒಂದು, ಸ್ವರದ ತಂತಿಯನ್ನು ಕರೆಂಟಿನ ವಯರಿನ ಜತೆಗೇ ಒಂದೇ ಪೈಪಿನಲ್ಲಿ ಎಳೆದಾಗ. ಇವೆರಡನ್ನೂ ಒಂದಡಿಯಾದರೂ ದೂರ ಇಡಬೇಕು, ಅಡ್ಡ ಹಾಯಲೇಬೇಕಾದರೆ ಕೂಡುಗೆರೆಯಂತೆ ನೇರ ಅಡ್ಡ ಹಾಯಿಸಬೇಕು. ಇನ್ನೊಂದು, ಭೂಮಿ ತಂತಿಯ ಸುತ್ತು. ಕಂಪ್ಯೂಟರ್ ಮೂರು ಪಿನ್ನಿನ ಪ್ಲಗ್ಗಿನಿಂದ ಭೂಮಿಗೆ ಸೇರಿರುತ್ತದೆ. ಸ್ಟೀರಿಯೋದ ಪ್ಲಗ್ಗು ಹೆಚ್ಚಾಗಿ ಎರಡೇ ಪಿನ್ನಿನದ್ದು, ಹಾಗಾಗಿ ಮೇಲ್ನೋಟಕ್ಕೆ ತೊಂದರೆ ಇಲ್ಲ. ಆದರೆ ಅದೇ ಸ್ಟೀರಿಯೋಗೆ ಟೀವಿಯ ಸ್ವರವನ್ನೂ ಕೊಟ್ಟಿದ್ದು, ಆ ಟೀವಿಗೆ ಬೀದಿಯಿಂದ ಕೇಬಲ್ ಬಂದಿದ್ದರೆ ಆ ಕೇಬಲಿನ ಜಾಲರಿ ಬೇರೆಲ್ಲೋ ಭೂಮಿಗೆ ಮುಟ್ಟಿರುತ್ತದೆ. ಎರಡು ಭೂಮಿಗಳ ನಡುವೆ ಸಣ್ಣ ವೋಲ್ಟೇಜು, ಅದು ಹರಿಯುವುದು ಸ್ವರದ ತಂತಿಯ ಮೂಲಕ.

ಪತ್ತೆ ಮಾಡುವುದು ಸುಲಭ. ಟೀವಿಗೆ ಬರುವ ಕೇಬಲನ್ನು ಕಿತ್ತು ನೋಡುವುದು. ಗುಂಯ್ ನಿಂತಿತೇ, ಕಳ್ಳ ಸಿಕ್ಕಿದ. ಮದ್ದು ಕೂಡ ದುಬಾರಿಯದ್ದಲ್ಲ. ಕಾರಿನ ಸ್ಟೀರಿಯೋ ಮಾರುವ ಅಂಗಡಿಗಳಲ್ಲಿ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಸಿಗುತ್ತದೆ. ಒಳಗಿರುವುದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಸ್ವರ ದಾಟುತ್ತದೆ, ತಂತಿ ಮುಟ್ಟುವುದಿಲ್ಲ. ಆದರೆ ಕೆಲವರು ಮಾಡುವ ಹಾಗೆ ಕಂಪ್ಯೂಟರ್ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿಯುವುದೋ, ಭೂಮಿ ತಂತಿಯನ್ನು ಕತ್ತರಿಸುವುದೋ ಮಾತ್ರ ಖಂಡಿತ ಕೂಡದು. ಗುಂಯ್ ಹೋಗಬಹುದು, ಜತೆಗೆ ಪ್ರಾಣವೂ ಹೋದೀತು.

ಹಳೆ ಮನೆಗಳಲ್ಲಿ ಇದರ ತಿರುಗಾಮುರುಗಾ ಕೂಡ ಉಂಟು. ಗೋಡೆಯಲ್ಲಿ ಮೂರು ತೂತಿನ ಪ್ಲಗ್ ಪಾಯಿಂಟ್ ಇರುತ್ತದೆ, ಹಿಂದೆ ಭೂಮಿ ತಂತಿಯೇ ಇರುವುದಿಲ್ಲ. ಕಂಪ್ಯೂಟರಿನ ತಗಡಿನ ಮೈ ಮುಟ್ಟಿದರೆ ಜುಂ ಎನ್ನುತ್ತದೆ. ಇಂಥ ಕಂಪ್ಯೂಟರಿಗೆ ಸ್ಟೀರಿಯೋ ಸಿಕ್ಕಿಸಿದರೆ ಭಾಗವತಿಕೆಗಿಂತ ಗುಂಯ್ ಜೋರು. ಇಲ್ಲಿ ಡಬ್ಬಿ ತಂದು ಪ್ರಯೋಜನವಿಲ್ಲ. ವಯರಿಂಗಿನವರನ್ನು ಕರೆಸಿ ಸರಿಯಾಗಿ ಅರ್ತ್ ಮಾಡಿಸುವುದೊಂದೇ ದಾರಿ, ಸ್ಟೀರಿಯೋ ಇರಲಿ ಇಲ್ಲದಿರಲಿ.

ಆಟದ ಮೈಕಿನವರ ಉಪಾಯ

ಯಕ್ಷಗಾನದ ರಂಗಸ್ಥಳದಿಂದ ಧ್ವನಿವರ್ಧಕದವರ ಮೇಜಿನವರೆಗೆ ಮೈಕಿನ ತಂತಿ ಉದ್ದಕ್ಕೆ ಎಳೆದಿರುತ್ತಾರೆ. ಪಕ್ಕದಲ್ಲೇ ಜನರೇಟರ್, ಮೇಲೆ ದೊಡ್ಡ ದೊಡ್ಡ ದೀಪ. ಆದರೂ ಗುಂಯ್ ಇಲ್ಲ. ಗುಟ್ಟು ಇರುವುದು ಆ ದಪ್ಪ ಮೂರು ಪಿನ್ನಿನ ಜಾಕಿನಲ್ಲಿ. ಅದರೊಳಗೆ ಒಂದೇ ಸ್ವರ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಸಾಗುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಅಂಟುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಸೊನ್ನೆ, ಸ್ವರ ಉಳಿಯುತ್ತದೆ. ಮನೆಯಲ್ಲೂ ಇದನ್ನೇ ಮಾಡಬಹುದು. ಎರಡೂ ತುದಿಗೆ ಒಂದೊಂದು ಆಡಿಯೊ ಬೇಲನ್ ಹಾಕಿ, ನಡುವೆ ಇಂಟರ್‌ನೆಟ್‌ಗೆ ಬಳಸುವ ಹೆಣೆದ ಜೋಡಿ ತಂತಿ ಎಳೆದರೆ ಐವತ್ತು ಮೀಟರ್ ಆಚೆಯ ಅಡಿಕೆ ಅಂಗಳದ ಕೊಟ್ಟಿಗೆಗೂ ಸ್ವರ ಮುಟ್ಟುತ್ತದೆ.

ಜಾತ್ರೆಯ ಹಾರ್ನಿನದ್ದು, ಅಂದರೆ ಮಲಯಾಳಿಗರು ಕೋಳಾಂಬಿ ಎಂದು ಕರೆಯುವ ಸ್ಪೀಕರಿನದ್ದು, ಬೇರೆ ಲೆಕ್ಕ. ಅಲ್ಲಿ ಆಂಪ್ಲಿಫೈಯರ್‌ನಿಂದ 70 ಅಥವಾ 100 ವೋಲ್ಟಿಗೆ ಏರಿಸಿ ದೂರಕ್ಕೆ ಕಳಿಸುತ್ತಾರೆ. ಚಾವಡಿಯ ಸ್ಪೀಕರಿಗೆ ಆ ದಾರಿ ಬೇಡ.

ಆಂಪ್ಲಿಫೈಯರನ್ನೇ ಮೇಲೆ ಕೊಂಡೊಯ್ದು, ಸ್ಪೀಕರಿನ ತಂತಿಯನ್ನು ಮಾತ್ರ ಕೆಳಗಿಳಿಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ತಂತಿ ದಪ್ಪ ಇರಬೇಕು. ಹದಿನೈದು ಮೀಟರ್ ಹೋಗಿ ಬರುವ ತಾಮ್ರದ ತಂತಿ 0.5 ಚದರ ಮಿ.ಮೀ. ಆದರೆ ಸುಮಾರು 1 ಓಮ್ ತಡೆ, 2.5 ಚದರ ಮಿ.ಮೀ. ಆದರೆ 0.2 ಓಮ್ ಮಾತ್ರ. ಎಂಟು ಓಮಿನ ಸ್ಪೀಕರಿಗೆ ಒಂದು ಓಮ್ ಎಂದರೆ ಎಂಟನೇ ಒಂದು ಪಾಲು, ಗಣ್ಯ. ಅದಕ್ಕಿಂತ ದೊಡ್ಡ ಕೊರತೆ ಮತ್ತೊಂದು. ದನಿ ಏರಿಸುವ ಗುಬ್ಬಿ ಉಪ್ಪರಿಗೆಗೆ ಹೋಗಿಬಿಡುತ್ತದೆ. ಪ್ರತಿ ಸಲವೂ ‘ಮಗಾ, ಸ್ವಲ್ಪ ಸಣ್ಣ ಮಾಡು’ ಎಂದು ಕೂಗಬೇಕಾದ ವ್ಯವಸ್ಥೆ ಹಿರಿಯರಿಗೆ ಹಿಡಿಸದು.

ತಂತಿಯೇ ಇಲ್ಲದೆ

ಈಗಿನ ಕಾಲಕ್ಕೆ ಹೆಚ್ಚಿನವರು ಮೊದಲು ಹೋಗುವುದು ಬ್ಲೂಟೂತ್ ಕಡೆಗೆ. ಸ್ಟೀರಿಯೋದ ಆಕ್ಸ್‌ಗೆ ಸಿಕ್ಕಿಸುವ ರಿಸೀವರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಹತ್ತು ಮೀಟರ್ ಎಂದು ಬರೆದಿರುತ್ತದೆ. ಅದು ಬಯಲಿನ ಲೆಕ್ಕ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ ಎರಡು ಅಡ್ಡ ಬಂದರೆ ಆ ಹತ್ತು ಮೀಟರ್ ನಾಲ್ಕೋ ಐದೋ ಆಗಿಬಿಡಬಹುದು. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನಷ್ಟು ನುಂಗುತ್ತದೆ. ವೈಫೈ, ಮೈಕ್ರೋವೇವ್ ಒಲೆ ಎಲ್ಲವೂ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯವು, ನಡುನಡುವೆ ಪದ್ಯ ತುಂಡಾಗುತ್ತದೆ. ಲ್ಯಾಪ್‌ಟಾಪನ್ನೇ ಚಾವಡಿಗೆ ತಂದು ಕುಳಿತುಕೊಳ್ಳುವವರಿಗೆ ಬ್ಲೂಟೂತ್ ಚೆನ್ನ, ಉಪ್ಪರಿಗೆಯಿಂದ ಇಳಿಸಲು ನಂಬುವಂತಿಲ್ಲ.

ವೈಫೈ ಮೂಲಕ ಸ್ವರ ಕಳಿಸುವ ಪೆಟ್ಟಿಗೆಗಳ ಕಥೆಯಲ್ಲಿ ಒಂದು ಪಾಠವಿದೆ. ಆಪಲ್ ಕಂಪೆನಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 2004ರಲ್ಲಿ ಬಂತು, 2018ರಲ್ಲಿ ಕಂಪೆನಿ ಅದನ್ನು ಕೈಬಿಟ್ಟಿತು. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ 2015ರಲ್ಲಿ ಹುಟ್ಟಿ 2019ರ ಜನವರಿ ಹೊತ್ತಿಗೆ ನಿಂತಿತು. ಮೂವತ್ತು ವರ್ಷದ ಹಳೆ ಸ್ಟೀರಿಯೋದ ಕೆಂಪು-ಬಿಳಿ ಜಾಕು ಇನ್ನೂ ಉಪಯೋಗಕ್ಕೆ ಬರುತ್ತಿರುವಾಗ ಅದಕ್ಕೆ ಜೋಡಿಸಲೆಂದು ಬಂದ ಹೊಸ ಪೆಟ್ಟಿಗೆಗಳು ಆಗಲೇ ಮಾರುಕಟ್ಟೆ ಬಿಟ್ಟವು. ಒಂದೇ ಕಂಪೆನಿಯ ಕೃಪೆಯಲ್ಲಿರುವ ಪೆಟ್ಟಿಗೆಗೆ ದುಡ್ಡು ಸುರಿಯುವ ಮುನ್ನ ಯೋಚಿಸುವುದು ಒಳ್ಳೆಯದು.

ಅದಕ್ಕಿಂತ ಸುಲಭದ ಮದ್ದು ಮೇಜಿನ ಖಾನೆಯಲ್ಲೇ ಬಿದ್ದಿರುತ್ತದೆ: ಗಾಜು ಬಿರುಕು ಬಿಟ್ಟ ಹಳೆ ಮೊಬೈಲ್. ಹೆಡ್‌ಫೋನ್ ಜಾಕು ಇರುವ ಫೋನಾದರೆ ಅದನ್ನು ಖಾಯಂ ಸ್ಟೀರಿಯೋದ ಆಕ್ಸ್‌ಗೆ ಸಿಕ್ಕಿಸಿಡುವುದು. ಮೇಲಿನ ಕಂಪ್ಯೂಟರಿನಲ್ಲಿ ಹಾಡಿನ ಫೋಲ್ಡರನ್ನು ಮನೆಯ ಜಾಲದೊಳಗೆ ಹಂಚಿಡುವುದು. ವಿಎಲ್‌ಸಿ ಎಂಬ ಉಚಿತ ತಂತ್ರಾಂಶವನ್ನು ಫೋನಿಗೆ ಹಾಕಿಕೊಂಡರೆ ಆ ಫೋಲ್ಡರ್ ಅಲ್ಲೇ ತೆರೆಯುತ್ತದೆ. ಆಕಾಶವಾಣಿ ಕೇಂದ್ರಗಳ ಕಾರ್ಯಕ್ರಮವನ್ನು ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ನೇರವಾಗಿ ಕೇಳಬಹುದು. ಇಲ್ಲಿ ದೂರ ಪ್ರಯಾಣ ಮಾಡುವುದು ಸ್ವರವಲ್ಲ, ಅಂಕಿಗಳು. ಹಾಗಾಗಿ ದಾರಿಯಲ್ಲಿ ಗುಂಯ್ ಅಂಟುವ ಪ್ರಶ್ನೆಯೇ ಇಲ್ಲ. ಫೋನಿನ ಬದಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಡುವ ಕಾಲೇಜು ಹುಡುಗರೂ ಇದ್ದಾರೆ. 2012ರಲ್ಲಿ ಬಂದ ಈ ಹಲಗೆಗೆ ಹಾಡು ನುಡಿಸಲೆಂದೇ ಉಚಿತ ತಂತ್ರಾಂಶಗಳಿವೆ. ಆದರೆ ಎಲ್ಲ ಮಾದರಿಗಳಲ್ಲೂ ಹೆಡ್‌ಫೋನ್ ಜಾಕು ಇರುವುದಿಲ್ಲ, ನೋಡಿ ಕೊಳ್ಳಬೇಕು.

ವೈಫೈ ಕೂಡ ಗೋಡೆ ದಾಟದಿದ್ದರೆ? ಆಗ ಮತ್ತೆ ತಂತಿಯೇ ಗತಿ, ಆದರೆ ಈ ಸಲ ಇಂಟರ್‌ನೆಟ್ ತಂತಿ. ಅದು ನೂರು ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಎರಡೂ ತುದಿಯಲ್ಲಿ ಒಳಗಡೆಯೇ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಭೂಮಿಯ ಸುತ್ತು ಆಗುವುದಿಲ್ಲ. ಮನೆ ಕಟ್ಟಿಸುವವರು, ಹಂಚು ತೆಗೆದು ಸ್ಲ್ಯಾಬ್ ಹಾಕಿಸುವವರು ಗೋಡೆಯೊಳಗೆ ಒಂದು ಹೆಚ್ಚುವರಿ ಖಾಲಿ ಪೈಪು ಹೂತಿಟ್ಟರೆ ಮುಂದಿನ ಇಪ್ಪತ್ತು ವರ್ಷದ ತಲೆನೋವು ತಪ್ಪುತ್ತದೆ. ತೆರೆದು ಬಿಟ್ಟ ತಂತಿಯನ್ನು ಅಟ್ಟದ ಇಲಿಗಳು ಬಿಡುವುದಿಲ್ಲ.

ಮೇಲಿಂದ ಕೆಳಗೆ, ಕೆಳಗಿಂದ ಮೇಲೆ

ಇಷ್ಟೆಲ್ಲ ಆದ ಮೇಲೆ ಏಳುವ ಪ್ರಶ್ನೆ, ಕಪಾಟಿನ ತಳದ ಧ್ವನಿಸುರುಳಿಗಳದ್ದು. ಅಂಗಡಿಯಿಂದ ಕೊಂಡವು ಇಂದು ಬೇರೆ ಕಡೆಯೂ ಸಿಕ್ಕಾವು. ಆದರೆ ಊರ ದೇವಸ್ಥಾನದಲ್ಲಿ ನಡೆದ ಕೂಟ, ಮನೆಯ ಪೂಜೆಗೆ ಹಾಡಿದ ಅಜ್ಜಿಯ ಶೋಭಾನೆ, ಗಲ್ಫ್‌ಗೆ ಹೋದವರು ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ ಇವುಗಳಿಗೆ ಎರಡನೇ ಪ್ರತಿ ಇಲ್ಲ. ಕರಾವಳಿಯ ಮಳೆಗಾಲ ಅವುಗಳಿಗೆ ಬೂಷ್ಟು ಹಿಡಿಸುತ್ತಿದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60 ನಿಮಿಷದ್ದಕ್ಕಿಂತ ತೆಳು, ಮೊದಲು ಸುಕ್ಕಾಗುವುದೂ ಸಿಕ್ಕಿಕೊಳ್ಳುವುದೂ ಅದೇ. ಇವನ್ನು ಕಂಪ್ಯೂಟರಿಗೆ ಏರಿಸಬೇಕಾದರೆ ಸ್ವರ ಉಲ್ಟಾ ಹರಿಯಬೇಕು: ಸ್ಟೀರಿಯೋದ ‘ಟೇಪ್ ಔಟ್’ನಿಂದ ಕಂಪ್ಯೂಟರಿನ ತಿಳಿನೀಲಿ ತೂತಿಗೆ.

ಈ ಕೆಲಸಕ್ಕೆ ಮಾತ್ರ ಹದಿನೈದು ಮೀಟರ್ ತಂತಿಯ ಹಂಗು ಬೇಡವೇ ಬೇಡ. ಕಂಪ್ಯೂಟರನ್ನು ಕೆಳಗೆ ತಂದು ಒಂದು ಮೀಟರ್ ತಂತಿಯಲ್ಲಿ ಮುಗಿಸುವುದು ಲೇಸು. ಇಲ್ಲಿ ಸೇರಿದ ಗುಂಯ್ ಮುಂದೆ ಎಂದೆಂದಿಗೂ ಮುದ್ರಣದಲ್ಲೇ ಉಳಿಯುತ್ತದೆ. ಹೆಚ್ಚಿನ ಲ್ಯಾಪ್‌ಟಾಪುಗಳಿಗೆ ನೀಲಿ ತೂತು ಇಲ್ಲ, ಇರುವುದು ಮೈಕಿನದ್ದು ಮಾತ್ರ. ಅದಕ್ಕೆ ನೇರ ಕೊಟ್ಟರೆ ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್‌ಕಾರ್ಡ್ ಒಂದನ್ನು ತಂದುಕೊಳ್ಳಬೇಕು. ಮುದ್ರಿಸಲು ಅಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಸಿಡಿಯ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಮೆಗಾಬೈಟ್ ಜಾಗ ಬೇಕು, ಅದನ್ನೇ 128ರ ಎಂಪಿ3 ಮಾಡಿದರೆ 58ಕ್ಕೆ ಇಳಿಯುತ್ತದೆ. ಕೇಳಲು ಎಂಪಿ3 ಇರಲಿ, ದೊಡ್ಡ ಕಡತವನ್ನೂ ಅಳಿಸಬಾರದು. ಹಾಕುವ ಮೊದಲು ಟೇಪಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿಕೊಳ್ಳಬೇಕು, ಬೂಷ್ಟು ಬಂದ ಕ್ಯಾಸೆಟ್ಟನ್ನು ಹಾಗೇ ಓಡಿಸಿದರೆ ಮುಂದಿನದ್ದಕ್ಕೂ ಅಂಟುತ್ತದೆ. ಮನೆಯೊಳಗೆ ಕೇಳಲು ಪ್ರತಿ ಮಾಡಿಕೊಳ್ಳುವುದು ಬೇರೆ, ಕಲಾವಿದರ ಕ್ಯಾಸೆಟ್ಟನ್ನು ಅಂತರ್ಜಾಲಕ್ಕೆ ಏರಿಸಿ ಹಂಚುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು.

ಇನ್ನು ದಿನನಿತ್ಯದ ಬಳಕೆಯ ಮಾತು. ಕಂಪ್ಯೂಟರಿನ ದನಿಯನ್ನು ಮುಕ್ಕಾಲಿಗಿಂತ ಮೇಲಿಟ್ಟು, ಹೆಚ್ಚು-ಕಡಿಮೆ ಮಾಡುವುದನ್ನು ಸ್ಟೀರಿಯೋದ ಗುಬ್ಬಿಯಲ್ಲಿ ಮಾಡಿದರೆ ತಂತಿಯ ಗದ್ದಲ ಅಡಿಗೆ ಬೀಳುತ್ತದೆ. ಕಂಪ್ಯೂಟರಿನ ಟಿಂಗ್ ಟಿಂಗ್ ಸೂಚನೆಗಳನ್ನು ಮೊದಲೇ ಬಂದ್ ಮಾಡಿಡದಿದ್ದರೆ ಕರ್ಣಪರ್ವದ ನಡುವೆ ಇಮೇಲ್ ಬಂದ ಗಂಟೆ ಇಡೀ ಅಂಗಳಕ್ಕೆ ಕೇಳೀತು.

ಕೊನೆಯದಾಗಿ ಸಿಡಿಲು. ಎಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ, ತುಲಾ ತಿಂಗಳ ಗುಡುಗಿಗೆ ಹೆದರಿ ಟೀವಿಯ ಪ್ಲಗ್ ಕೀಳುವ ಅಭ್ಯಾಸ ಇಲ್ಲಿ ಎಲ್ಲರಿಗೂ ಇದೆ. ಉಪ್ಪರಿಗೆಯಿಂದ ಚಾವಡಿಗೆ ಇಳಿದ ಉದ್ದ ತಂತಿಯೂ ಸಿಡಿಲಿನ ಹೊಡೆತವನ್ನು ಹಿಡಿಯುವಂಥದ್ದೇ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹತ್ತಿರದಲ್ಲೆಲ್ಲೋ ಬಡಿದರೂ ಆ ತಂತಿಯಲ್ಲಿ ಹುಟ್ಟುವ ವೋಲ್ಟೇಜು ಒಂದು ಕಡೆ ಕಂಪ್ಯೂಟರನ್ನೂ ಇನ್ನೊಂದು ಕಡೆ ಸ್ಟೀರಿಯೋವನ್ನೂ ಸುಡಬಹುದು. ಇಂಟರ್‌ನೆಟ್ ತಂತಿಯ ಒಳಗಿನ ಟ್ರಾನ್ಸ್‌ಫಾರ್ಮರ್ ಕೂಡ ಅದನ್ನು ತಡೆಯಲಾರದು. ಆಕಾಶ ಕಪ್ಪಾದಾಗ ಕರೆಂಟಿನ ಪ್ಲಗ್ಗಿನ ಜತೆಗೆ ಕೆಂಪು-ಬಿಳಿ ಪಿನ್ನುಗಳನ್ನೂ ಎಳೆದು ಬದಿಗಿಡಬೇಕು, ಮೇಲಿನ ತುದಿಯನ್ನೂ ಕೂಡ.